ಮೆಕ್ಕೆಜೋಳ ಹಡಗು ಹತ್ತಿತು, ಸುಣ್ಣ ದಡದಲ್ಲೇ ಉಳಿಯಿತು

ಮೆಕ್ಸಿಕೊದ ಹಳ್ಳಿಮನೆಗಳಲ್ಲಿ ರಾತ್ರಿ ಮಲಗುವ ಮುಂಚೆ ಒಂದು ಕೆಲಸ ನಡೆಯುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು, ಒಣಗಿದ ಮೆಕ್ಕೆಜೋಳ, ಅದಕ್ಕೆ ಒಂದಿಷ್ಟು ಸುಣ್ಣ. ಸ್ವಲ್ಪ ಹೊತ್ತು ಕುದಿಸಿ, ಒಲೆ ಆರಿಸಿ, ಹಾಗೇ ಬಿಟ್ಟು ಮಲಗುತ್ತಾರೆ. ಬೆಳಗ್ಗೆ ನೋಡಿದರೆ ಕಾಳಿನ ಸಿಪ್ಪೆ ಲೋಳೆಲೋಳೆಯಾಗಿ ಸಡಿಲಗೊಂಡಿರುತ್ತದೆ. ಕೈಯಲ್ಲಿ ಉಜ್ಜಿ ತೊಳೆದರೆ ಕಳಚಿ ಬರುತ್ತದೆ. ಕಾಳು ಮೆತ್ತಗಾಗಿರುತ್ತದೆ, ಒಂಥರಾ ಹಸಿಮಣ್ಣಿನ ವಾಸನೆ ಬರುತ್ತಿರುತ್ತದೆ. ಅದನ್ನು ಅರೆದು, ತೆಳ್ಳಗೆ ತಟ್ಟಿ, ಸುಟ್ಟರೆ ಟೋರ್ಟಿಯಾ. ಮೂರು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ ಇದು.

ಸುಣ್ಣ ಯಾಕೆ? ಸಿಪ್ಪೆ ಬಿಡುತ್ತದೆ, ಹಿಟ್ಟು ಚೆನ್ನಾಗಿ ಅಂಟುತ್ತದೆ. ಕಣ್ಣಿಗೆ ಕಾಣುವ ಕಾರಣ ಅದು. ಆದರೆ ಆ ಪಾತ್ರೆಯೊಳಗೆ ರಾತ್ರಿಯಿಡೀ ಇನ್ನೊಂದು ಕೆಲಸವೂ ಆಗಿರುತ್ತದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ವಿಟಮಿನ್ ಇದೆ. ಅದು ಕಾಳಿನೊಳಗೆ ಬಿಗಿಯಾಗಿ ಕಟ್ಟಿಹಾಕಿದ ಹಾಗಿರುತ್ತದೆ. ಸುಮ್ನೆ ಬೀಸಿ ಬೇಯಿಸಿ ತಿಂದರೆ ಅದರಲ್ಲಿ ಬಹುಪಾಲು ಮೈಗೆ ಹತ್ತುವುದೇ ಇಲ್ಲ. ಸುಣ್ಣ ಆ ಕಟ್ಟು ಬಿಚ್ಚುತ್ತದೆ.

ಕೊಲಂಬಸ್‌ನ ಕಾಲದ ನಂತರ ಮೆಕ್ಕೆಜೋಳ ಹಡಗು ಹತ್ತಿ ಯುರೋಪಿಗೆ ಬಂತು. ಸ್ಪೇನ್, ಇಟಲಿಯ ಉತ್ತರ ಭಾಗದಲ್ಲೆಲ್ಲ ಚೆನ್ನಾಗಿ ಬೆಳೆಯಿತು. ಗೋಧಿಗಿಂತ ಅಗ್ಗ, ಇಳುವರಿ ಜಾಸ್ತಿ. ಬಡವರ ಮೂರು ಹೊತ್ತಿನ ಊಟವೂ ಅದೇ ಆಯಿತು. ಕಾಳು ಬಂತು, ಸುಣ್ಣ ಮಾತ್ರ ಬರಲಿಲ್ಲ. ಯುರೋಪಿನಲ್ಲಿ ಬೀಸುವ ಗಿರಣಿಗಳಿದ್ದವು, ಸಿಪ್ಪೆ ಬಿಡಿಸಲು ಸುಣ್ಣ ಯಾಕೆ ಬೇಕು ಅಂದುಕೊಂಡರು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಬಡ ರೈತರಲ್ಲಿ ಒಂದು ವಿಚಿತ್ರ ಕಾಯಿಲೆ ಗಮನಿಸಿದ. ಬಿಸಿಲು ಬೀಳುವ ಕಡೆಯೆಲ್ಲ ಚರ್ಮ ಕೆಂಪಾಗಿ ಒಡೆಯುತ್ತಿತ್ತು. ಕೊರಳ ಸುತ್ತ ಸರ ಹಾಕಿದ ಹಾಗೆ ಗಾಯ. ಆಮೇಲೆ ಭೇದಿ, ಬುದ್ಧಿಭ್ರಮೆ, ಸಾವು. ಇಟಲಿಯಲ್ಲಿ ಇದಕ್ಕೆ ಪೆಲಾಗ್ರ ಎಂಬ ಹೆಸರು ಬಂತು. ಒರಟು ಚರ್ಮ ಅಂತ ಅರ್ಥ.

ಅಲ್ಲಿಗೇ ಮುಗಿಯಲಿಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದೇ ಕಾಯಿಲೆ ಎದ್ದಿತು. ಹತ್ತಿ ಹೊಲದ ಗೇಣಿದಾರರು, ಗಿರಣಿ ಕೂಲಿಗಳ ಊಟ ಎಂದರೆ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಒಂದು ತುಂಡು ಹಂದಿ ಕೊಬ್ಬು. ಎಲ್ಲರೂ ಇದು ಅಂಟುರೋಗ ಅಂದುಕೊಂಡಿದ್ದರು. 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಸರ್ಕಾರಿ ವೈದ್ಯನನ್ನು ಇದರ ಹಿಂದೆ ಕಳಿಸಿದರು. ಅವನು ಅನಾಥಾಶ್ರಮಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ಕೂತು ನೋಡಿದ. ಒಳಗಿದ್ದವರಿಗೆ ಕಾಯಿಲೆ ಇತ್ತು, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಇರಲಿಲ್ಲ. ಅಂಟುರೋಗವಾದರೆ ಹೀಗೆ ಆಗಬಾರದಲ್ವಾ? ತಟ್ಟೆಗಳನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಕಂಡಿತು. ಅನಾಥಾಶ್ರಮದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ ಕೊಡಿಸಿದ. ಕಾಯಿಲೆ ಹೋಯಿತು. ಆದರೂ ಜನ ನಂಬಲಿಲ್ಲ. ಕಡೆಗೆ ಅವನೂ ಅವನ ಜೊತೆಗಾರರೂ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡು ತೋರಿಸಿದರು. ಯಾರಿಗೂ ಪೆಲಾಗ್ರ ಬರಲಿಲ್ಲ. ಕೊರತೆ ಇದ್ದದ್ದು ನಯಾಸಿನ್‌ನದು ಅಂತ ಗೊತ್ತಾಗಿದ್ದು 1937ರಲ್ಲಿ. ಅಷ್ಟರಲ್ಲಿ ಗೋಲ್ಡ್‌ಬರ್ಗರ್ ತೀರಿಹೋಗಿದ್ದ.

ಈ ಕಥೆಯನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ದೇಶ ದೇಶಗಳ ಆಹಾರದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಪದಾರ್ಥಗಳ ಬಗ್ಗೆ ಮಾತಾಡುತ್ತೇವೆ. ಜಪಾನಿನವರು ಮೀನು ತಿನ್ನುತ್ತಾರೆ, ಗ್ರೀಸಿನವರು ಆಲಿವ್ ಎಣ್ಣೆ ಬಳಸುತ್ತಾರೆ, ಅದಕ್ಕೇ ಆರೋಗ್ಯವಾಗಿದ್ದಾರೆ ಅಂತ. ಮೆಕ್ಕೆಜೋಳ ಮೆಕ್ಸಿಕೊದಲ್ಲೂ ಅದೇ, ಇಟಲಿಯಲ್ಲೂ ಅದೇ. ಒಂದು ಕಡೆ ಅದು ನಾಗರಿಕತೆಯನ್ನೇ ಸಾಕಿತು, ಇನ್ನೊಂದು ಕಡೆ ಜನರನ್ನು ಹುಚ್ಚರನ್ನಾಗಿಸಿತು. ಪದಾರ್ಥದ ಸುತ್ತ ಒಂದು ಬದುಕು ಇರುತ್ತದೆ. ಅದನ್ನು ಹೇಗೆ ಬೇಯಿಸುತ್ತಾರೆ, ಜೊತೆಗೆ ಏನು ತಿನ್ನುತ್ತಾರೆ, ಯಾರು ಬೆಳೆಯುತ್ತಾರೆ, ಎಷ್ಟು ಹೊತ್ತು ಸಿಗುತ್ತದೆ, ಕೈಯಲ್ಲಿ ಎಷ್ಟು ದುಡ್ಡಿದೆ. ಊಟ ಕೆಡುವುದೂ ಸುಧಾರಿಸುವುದೂ ಇವೆಲ್ಲ ಬದಲಾದಾಗ.

ಅಕ್ಕಿಯ ವಿಷಯದಲ್ಲೂ ಹೀಗೇ ಆಯಿತು. 19ನೇ ಶತಮಾನದ ಜಪಾನಿನಲ್ಲಿ ಪಾಲಿಶ್ ಮಾಡಿದ ಬಿಳಿ ಅನ್ನ ಶ್ರೀಮಂತಿಕೆಯ ಗುರುತು. ಅದನ್ನೇ ಹೊಟ್ಟೆತುಂಬ ತಿನ್ನುತ್ತಿದ್ದ ನೌಕಾಪಡೆಯ ನಾವಿಕರಿಗೆ ಬೆರಿಬೆರಿ (ತವಡಿನ ಜೊತೆ ಹೋಗುವ ಬಿ1 ವಿಟಮಿನ್‌ನ ಕೊರತೆಯ ಕಾಯಿಲೆ) ಬಂದು ಕಾಲು ಊದಿಕೊಂಡು, ಹೃದಯ ನಿಂತು ಸಾಯುತ್ತಿದ್ದರು. ತಕಾಕಿ ಕನೆಹಿರೊ ಎಂಬ ನೌಕಾಪಡೆ ವೈದ್ಯ 1884ರಲ್ಲಿ ಒಂದು ಹಡಗಿನ ಊಟವನ್ನೇ ಬದಲಿಸಿ ಕಳಿಸಿದ. ಬಾರ್ಲಿ, ಮಾಂಸ, ಬ್ರೆಡ್ಡು ಸೇರಿಸಿದ. ಅದೇ ದಾರಿಯಲ್ಲಿ ಹಿಂದೆ ಹೋದ ಹಡಗಿನಲ್ಲಿ 169 ಜನ ಕಾಯಿಲೆ ಬಿದ್ದಿದ್ದರು, 25 ಜನ ಸತ್ತಿದ್ದರು. ಈ ಸಲ ಬೆರಿಬೆರಿಯಿಂದ ಯಾರೂ ಸಾಯಲಿಲ್ಲ.

ಒಂದೇ ಜನ, ಎರಡು ದೇಶ

ಈಗ ನಮ್ಮ ಕಾಲಕ್ಕೆ ಬರೋಣ. ಅಮೆರಿಕದ ಅರಿಝೋನದಲ್ಲಿ ಪಿಮಾ ಎಂಬ ಮೂಲನಿವಾಸಿಗಳಿದ್ದಾರೆ. ಗಡಿಯ ಆಚೆ, ಮೆಕ್ಸಿಕೊದ ಬೆಟ್ಟಗಳ ನಡುವೆ ಮಾಯ್ಕೋಬ ಎಂಬಲ್ಲಿ ಇವರದೇ ಬಳಗ ಇದೆ. ವಂಶವಾಹಿ ಹೆಚ್ಚುಕಮ್ಮಿ ಒಂದೇ. 1990ರ ದಶಕದಲ್ಲಿ ಸಂಶೋಧಕರು ಎರಡೂ ಕಡೆ ಹೋಗಿ ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ ಅಂತ ನೋಡಿದರು. ಮೆಕ್ಸಿಕೊದ ಪಿಮಾ ವಯಸ್ಕರಲ್ಲಿ 6.9%. ಅರಿಝೋನದವರಲ್ಲಿ 38%.

ಅರಿಝೋನದ ಪಿಮಾಗಳಿಗೆ ಏನಾಯಿತು? ಅವರು ಹಿಲಾ ನದಿಯ ಕಾಲುವೆ ನೀರಿನಲ್ಲಿ ಬೇಸಾಯ ಮಾಡುತ್ತಿದ್ದವರು. 19ನೇ ಶತಮಾನದ ಕೊನೆಗೆ ಮೇಲಿನ ಭಾಗಕ್ಕೆ ಬಂದು ನೆಲೆಸಿದವರು ನೀರು ತಿರುಗಿಸಿಕೊಂಡರು. ಹೊಲ ಒಣಗಿತು, ಹಸಿವು ಬಂತು. ಆಮೇಲೆ ಸರ್ಕಾರದ ರೇಷನ್ ಬಂತು. ಬಿಳಿ ಹಿಟ್ಟು, ಸಕ್ಕರೆ, ಹಂದಿಕೊಬ್ಬು. ಹೊಲದ ದುಡಿಮೆ ಹೋಯಿತು, ಹೊಲದ ಊಟವೂ ಹೋಯಿತು. ಆಚೆ ಕಡೆಯವರು ಇನ್ನೂ ಹುರುಳಿಕಾಯಿಯ ಬೀಜ, ಮೆಕ್ಕೆಜೋಳ, ಆಲೂಗಡ್ಡೆ ತಿಂದುಕೊಂಡು ಹೊಲದಲ್ಲಿ ಬೆವರು ಸುರಿಸುತ್ತಿದ್ದರು. 'ಅವರ ಜೀನ್‌ನಲ್ಲೇ ಇದೆ' ಅಂತ ಯಾರಾದರೂ ಹೇಳಿದಾಗ ನನಗೆ ಈ ಎರಡು ಸಂಖ್ಯೆಗಳು ನೆನಪಾಗುತ್ತವೆ. ಜೀನ್‌ಗೂ ಪಾತ್ರ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಜೀನ್ ಇಟ್ಟುಕೊಂಡು ಆಚೆ ಕಡೆಯವರು ಚೆನ್ನಾಗಿದ್ದರಲ್ಲ.

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಇದೇ ಕಥೆ ಇನ್ನೂ ಜೋರಾಗಿ ನಡೆದಿದೆ. ಟೊಂಗ, ನೌರು, ಸಮೋವ ಇವತ್ತು ಪ್ರಪಂಚದಲ್ಲೇ ಅತಿ ಹೆಚ್ಚು ಬೊಜ್ಜಿರುವ ದೇಶಗಳ ಸಾಲಿನಲ್ಲಿವೆ. ಹಿಂದೆ ಅಲ್ಲಿ ಮೀನು, ತೆಂಗು, ಕೆಸುವಿನ ಗೆಡ್ಡೆ, ದೀವಿಹಲಸು ತಿಂದು ಬದುಕುತ್ತಿದ್ದರು. ಆಮೇಲೆ ಹಡಗಿನಲ್ಲಿ ಡಬ್ಬಿ ಮಾಂಸ, ಹಿಟ್ಟು, ಸಕ್ಕರೆ ಬಂದವು. ಜೊತೆಗೆ ಇನ್ನೊಂದು ಬಂತು. ನ್ಯೂಝಿಲೆಂಡಿನಿಂದ ಕುರಿಯ ಪಕ್ಕೆಯ ಕೊಬ್ಬು, ಅಮೆರಿಕದಿಂದ ಟರ್ಕಿ ಕೋಳಿಯ ಬಾಲದ ಕೊಬ್ಬು. ತಮ್ಮ ದೇಶದಲ್ಲಿ ಜನ ಅಷ್ಟಾಗಿ ಕೊಳ್ಳದ ಭಾಗವನ್ನು ಅಗ್ಗಕ್ಕೆ ದ್ವೀಪಗಳಿಗೆ ಸಾಗಿಸುತ್ತಿದ್ದರು. 2000ದಲ್ಲಿ ಫಿಜಿ ಕುರಿಕೊಬ್ಬನ್ನು ನಿಷೇಧಿಸಿತು. 2007ರಲ್ಲಿ ಸಮೋವ ಟರ್ಕಿ ಬಾಲವನ್ನು ನಿಷೇಧಿಸಿತು. ಆದರೆ ಸಮೋವ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಬೇಕಿತ್ತು. ಸೇರಬೇಕಾದರೆ ಆ ನಿಷೇಧ ತೆಗೆಯಬೇಕು ಅಂತ ಷರತ್ತು ಬಂತು. 2012ರಲ್ಲಿ ಸೇರಿತು, ನಿಷೇಧ ಹೋಯಿತು. ಒಂದು ಪುಟ್ಟ ದೇಶ ತನ್ನ ಜನರ ತಟ್ಟೆಯಲ್ಲಿ ಏನಿರಬೇಕು ಅಂತ ತೀರ್ಮಾನಿಸಲು ಹೊರಟರೆ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಒಕಿನಾವಾ ಮತ್ತು ನಗಾನೊ

ದೀರ್ಘಾಯುಷ್ಯ ಅಂದ ಕೂಡಲೇ ಎಲ್ಲರೂ ಜಪಾನಿನ ಒಕಿನಾವಾ ದ್ವೀಪದ ಹೆಸರು ಹೇಳುತ್ತಾರೆ. ನೂರು ದಾಟಿದ ಅಜ್ಜಿಯರ ಫೋಟೋ ಹಾಕುತ್ತಾರೆ. ಆ ಅಜ್ಜಿಯರು ಹರೆಯದಲ್ಲಿ ತಿನ್ನುತ್ತಿದ್ದದ್ದು ಏನು? 1949ರ ಸುಮಾರಿಗೆ ಅಲ್ಲಿನವರ ಒಟ್ಟು ಕ್ಯಾಲೊರಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಬರುತ್ತಿದ್ದದ್ದು ಗೆಣಸಿನಿಂದ. ಮೀನಲ್ಲ, ಅನ್ನವೂ ಅಲ್ಲ, ಗೆಣಸು.

ಎರಡನೇ ಮಹಾಯುದ್ಧದ ನಂತರ 1972ರವರೆಗೆ ಆ ದ್ವೀಪ ಅಮೆರಿಕದ ಆಡಳಿತದಲ್ಲಿತ್ತು. ಸೇನಾ ನೆಲೆಗಳ ಜೊತೆ ಡಬ್ಬಿ ಮಾಂಸ ಬಂತು. 1963ರಲ್ಲೇ ಅಲ್ಲಿ ಅಮೆರಿಕದ ಹ್ಯಾಂಬರ್ಗರ್ ಅಂಗಡಿ ತೆರೆಯಿತು. ಟೋಕಿಯೊದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ಬಂದದ್ದು 1971ರಲ್ಲಿ. 1985ರಲ್ಲಿ ಒಕಿನಾವಾದ ಗಂಡಸರು ಆಯುಷ್ಯದಲ್ಲಿ ಜಪಾನಿಗೇ ಮೊದಲಿದ್ದರು. 2000ದ ಲೆಕ್ಕದಲ್ಲಿ 47 ಪ್ರಾಂತಗಳ ಪೈಕಿ 26ನೇ ಸ್ಥಾನಕ್ಕೆ ಜಾರಿದರು. ಜಪಾನಿನಲ್ಲಿ ಇದನ್ನು '26ರ ಆಘಾತ' ಅಂತಲೇ ಕರೆಯುತ್ತಾರೆ. 2020ರ ಲೆಕ್ಕದಲ್ಲಿ ಅದು 43. ಅಜ್ಜಿ ನೂರು ದಾಟಿ ಗಟ್ಟಿಯಾಗಿದ್ದಾಳೆ, ಮೊಮ್ಮಗ ಐವತ್ತಕ್ಕೇ ಹೃದಯದ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾನೆ. ಒಂದೇ ದ್ವೀಪ, ಎರಡು ತಲೆಮಾರು.

ಅದೇ ಜಪಾನಿನ ಇನ್ನೊಂದು ಮೂಲೆಯಲ್ಲಿ ಉಲ್ಟಾ ನಡೆಯಿತು. ನಗಾನೊ ಬೆಟ್ಟಗಳ ಪ್ರಾಂತ. ಚಳಿ ಜಾಸ್ತಿ, ಸಮುದ್ರ ಇಲ್ಲ. ಚಳಿಗಾಲ ಕಳೆಯಲು ತರಕಾರಿಯನ್ನು ಉಪ್ಪಿನಲ್ಲಿ ಹಾಕಿಡುವುದೇ ದಾರಿ. ಮಿಸೊ (ಹುದುಗಿಸಿದ ಸೋಯಾ ಕಾಳಿನ ಮುದ್ದೆ) ಸಾರಿಗೂ ಉಪ್ಪು. ಪಾರ್ಶ್ವವಾಯು ಹೊಡೆದು ಸಾಯುವವರು ಬಹಳ. ಅಲ್ಲಿನ ವೈದ್ಯರು ಆಸ್ಪತ್ರೆಯಲ್ಲಿ ಕೂತು ಕಾಯಲಿಲ್ಲ, ಹಳ್ಳಿಗಳಿಗೆ ಹೋದರು. ಊರಿನ ಹೆಂಗಸರೇ ಸ್ವಯಂಸೇವಕರಾದರು. ಮನೆ ಮನೆಗೆ ಹೋಗಿ ಒಲೆಯ ಮೇಲಿನ ಮಿಸೊ ಸಾರಿನಲ್ಲಿ ಉಪ್ಪು ಎಷ್ಟಿದೆ ಅಂತ ಅಳೆದು ತೋರಿಸಿದರು. 'ಉಪ್ಪಿನಕಾಯಿ ಬಿಡಿ' ಅನ್ನಲಿಲ್ಲ, ಎಷ್ಟು ಸಲ ತಿನ್ನುತ್ತೀರಿ ನೋಡಿ ಅಂದರು. ವರ್ಷಗಟ್ಟಲೆ ನಡೆಯಿತು ಈ ಕೆಲಸ. 2010ರ ಲೆಕ್ಕ ಬಂದಾಗ ಗಂಡಸರು, ಹೆಂಗಸರು ಇಬ್ಬರಲ್ಲೂ ಇಡೀ ಜಪಾನಿಗೆ ನಗಾನೊ ಮೊದಲು.

ಹಳೆಯದೆಲ್ಲ ಒಳ್ಳೆಯದು ಅನ್ನುವವರು ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ಒಕಿನಾವಾದಲ್ಲಿ ಹಳೆಯ ಊಟ ಬಿಟ್ಟದ್ದರಿಂದ ಕೆಟ್ಟಿತು. ನಗಾನೊದಲ್ಲಿ ಹಳೆಯ ರೂಢಿಯನ್ನು ತಿದ್ದಿದ್ದರಿಂದ ಸುಧಾರಿಸಿತು. ಬದಲಾವಣೆಯಿಂದ ಆದ ಒಳ್ಳೆಯದನ್ನೂ ಒಪ್ಪಿಕೊಳ್ಳಬೇಕು. 20ನೇ ಶತಮಾನದಲ್ಲಿ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಸುಮಾರು 20 ಸೆಂಟಿಮೀಟರ್ ಏರಿತು. ಪ್ರಪಂಚದಲ್ಲಿ ಬೇರೆಲ್ಲೂ ಹೆಂಗಸರ ಎತ್ತರ ಇಷ್ಟು ಏರಿಲ್ಲ. ಹಾಲು, ಮೊಟ್ಟೆ, ಮಾಂಸ ಸಿಕ್ಕಿದ್ದು, ಮಕ್ಕಳ ಕಾಯಿಲೆಗಳು ಕಮ್ಮಿಯಾದದ್ದು, ಹೊಟ್ಟೆಗೆ ಸಾಕಷ್ಟು ಸಿಕ್ಕಿದ್ದು, ಎಲ್ಲವೂ ಸೇರಿ ಆದದ್ದು ಇದು.

ಮೆಡಿಟರೇನಿಯನ್ ಊಟದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನ ಶುರುಮಾಡಿದಾಗ ಗ್ರೀಸಿನ ಕ್ರೀಟ್ ದ್ವೀಪದ ಗಂಡಸರಲ್ಲಿ ಹೃದಯಾಘಾತ ತೀರಾ ಕಮ್ಮಿ ಅಂತ ಕಂಡಿತು. ಆಲಿವ್ ಎಣ್ಣೆ, ಸೊಪ್ಪು, ಬೇಳೆಕಾಳು, ಒರಟು ಬ್ರೆಡ್ಡು, ಅಪರೂಪಕ್ಕೆ ಮಾಂಸ. ಇವತ್ತು ಅದನ್ನು ಪ್ರಪಂಚವೇ ಹೊಗಳುತ್ತದೆ, 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಕೀಸ್ ಅಧ್ಯಯನಕ್ಕೂ ಹತ್ತು ವರ್ಷ ಮೊದಲು, 1948ರ ಸುಮಾರಿಗೆ, ಇನ್ನೊಂದು ಸಮೀಕ್ಷೆ ಕ್ರೀಟಿನ ಮನೆಗಳಿಗೆ ಹೋಗಿ ನಿಮಗೆ ಏನು ಬೇಕು ಅಂತ ಕೇಳಿತ್ತು. ಹೆಚ್ಚಿನವರು ಹೇಳಿದ್ದು ಮಾಂಸ. ಅವರು ಸೊಪ್ಪು ತಿನ್ನುತ್ತಿದ್ದದ್ದು ಆರೋಗ್ಯಕ್ಕೆ ಅಂತಲ್ಲ, ಬೇರೆ ಸಿಗುತ್ತಿರಲಿಲ್ಲ ಅಂತ. ಕೈಗೆ ದುಡ್ಡು ಬಂದ ಮೇಲೆ ಬೇಕಾದ್ದನ್ನು ಕೊಂಡರು. ಈಗ ಗ್ರೀಸ್, ಇಟಲಿ, ಸೈಪ್ರಸ್, ಸ್ಪೇನ್ ಮಕ್ಕಳ ಬೊಜ್ಜಿನಲ್ಲಿ ಯುರೋಪಿಗೇ ಮುಂದೆ ಇವೆ.

ಪೊಟ್ಟಣದ ಊಟ

ಅಮೆರಿಕದ ಸಂಶೋಧಕ ಬ್ಯಾರಿ ಪಾಪ್ಕಿನ್ 1990ರ ದಶಕದ ಶುರುವಿನಲ್ಲಿ ಈ ಎಲ್ಲ ಬದಲಾವಣೆಗೂ ಒಂದು ಹೆಸರು ಕೊಟ್ಟರು, ನ್ಯೂಟ್ರಿಷನ್ ಟ್ರಾನ್ಸಿಷನ್ ಅಂತ. ಬಡತನ ಕಳೆದು ದುಡ್ಡು ಬರುತ್ತದೆ, ಜನ ಪಟ್ಟಣಕ್ಕೆ ಬರುತ್ತಾರೆ, ದುಡಿಮೆಯಲ್ಲಿ ಬೆವರು ಕಮ್ಮಿಯಾಗುತ್ತದೆ, ಎಣ್ಣೆ ಸಕ್ಕರೆ ಮಾಂಸ ಜಾಸ್ತಿಯಾಗುತ್ತದೆ. ಮೊದಲು ಶ್ರೀಮಂತರು ದಪ್ಪಗಾಗುತ್ತಾರೆ. ದೇಶ ಇನ್ನಷ್ಟು ಮುಂದೆ ಹೋದ ಮೇಲೆ ಶ್ರೀಮಂತರು ತೆಳ್ಳಗಾಗುತ್ತಾರೆ, ಬೊಜ್ಜು ಬಡವರ ಪಾಲಾಗುತ್ತದೆ. ಯುರೋಪ್, ಅಮೆರಿಕದಲ್ಲಿ ಈ ದಾರಿ ಸವೆಯಲು ನೂರು ವರ್ಷ ಹಿಡಿಯಿತು. ಚೀನಾದಲ್ಲಿ ಒಂದೇ ತಲೆಮಾರು ಸಾಕಾಯಿತು. 2020ರಲ್ಲಿ ಅಲ್ಲಿನ ಸರ್ಕಾರವೇ ಹೇಳಿದ ಪ್ರಕಾರ ಅರ್ಧಕ್ಕಿಂತ ಜಾಸ್ತಿ ವಯಸ್ಕರ ತೂಕ ಮಿತಿಮೀರಿದೆ.

ಇಷ್ಟು ಬೇಗ ಆದರೆ ಒಂದು ಸ್ಥಿತಿ ಹೋಗುವ ಮುಂಚೆಯೇ ಇನ್ನೊಂದು ಬಂದು ಕೂರುತ್ತದೆ. ಗ್ವಾಟೆಮಾಲದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದೆ ಗಿಡ್ಡಗಾಗಿದ್ದಾರೆ. ಎಷ್ಟೋ ಕಡೆ ಅದೇ ಮನೆಯಲ್ಲಿ ತಾಯಿಗೆ ತೂಕ ಜಾಸ್ತಿ. ಒಂದೇ ಒಲೆಯಲ್ಲಿ ಬೇಯುವ ಊಟ. ಕ್ಯಾಲೊರಿ ಅಗ್ಗಕ್ಕೆ ಸಿಗುತ್ತದೆ. ಮಗುವಿನ ಮೂಳೆ, ಮಿದುಳು ಬೆಳೆಯಲು ಬೇಕಾದ ಹಾಲು, ಮೊಟ್ಟೆ, ಹಣ್ಣು ಸಿಗುವುದಿಲ್ಲ. 2025ರಲ್ಲಿ ಯುನಿಸೆಫ್ ಹೇಳಿದ ಒಂದು ವಿಷಯ ನಿಲ್ಲಿಸಿ ಓದುವಂಥದ್ದು. 5ರಿಂದ 19 ವರ್ಷದ ಮಕ್ಕಳಲ್ಲಿ ಬೊಜ್ಜಿನವರ ಪ್ರಮಾಣ ಮೊದಲ ಸಲ ತೂಕ ಕಮ್ಮಿ ಇರುವವರನ್ನು ದಾಟಿದೆ. ಬೊಜ್ಜಿನವರು 9.4%, ತೂಕ ಕಮ್ಮಿ ಇರುವವರು 9.2%. ಸಹರಾದ ದಕ್ಷಿಣದ ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದಲ್ಲಿ ಮಾತ್ರ ಹಾಗಾಗಿಲ್ಲ.

ಈ ಬದಲಾವಣೆಯ ನಡುವೆ ಒಂದು ಸುಳಿವು ಹಿಡಿದವರು ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ. ಸಾವೊ ಪೌಲೊ ವಿಶ್ವವಿದ್ಯಾಲಯದ ವೈದ್ಯ. ವೃತ್ತಿ ಶುರುಮಾಡಿದ್ದು ಅಪೌಷ್ಟಿಕತೆಯ ಮೇಲೆ. ಬ್ರೆಜಿಲ್‌ನ ಮನೆಗಳು ಏನು ಕೊಳ್ಳುತ್ತವೆ ಎಂಬ ಲೆಕ್ಕ ನೋಡುತ್ತಿದ್ದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಜನ ಸಕ್ಕರೆ ಕಮ್ಮಿ ಕೊಳ್ಳುತ್ತಿದ್ದಾರೆ, ಎಣ್ಣೆ ಕಮ್ಮಿ ಕೊಳ್ಳುತ್ತಿದ್ದಾರೆ, ಆದರೂ ಬೊಜ್ಜು ಏರುತ್ತಿದೆ. ಹೇಗೆ? ಸಕ್ಕರೆ ಡಬ್ಬಿ ಖಾಲಿಯಾಗದಿರುವುದು ಜನ ಅಡುಗೆ ಮಾಡುವುದನ್ನು ಕಮ್ಮಿ ಮಾಡಿದ್ದರ ಗುರುತು. ಅದೇ ಸಕ್ಕರೆ, ಎಣ್ಣೆ ಬಿಸ್ಕತ್ತು, ಸಾಫ್ಟ್ ಡ್ರಿಂಕ್ಸ್, ಪೊಟ್ಟಣದ ನೂಡಲ್ಸ್ ರೂಪದಲ್ಲಿ ಮನೆಗೆ ಬರುತ್ತಿತ್ತು. ಅವರು ಇವಕ್ಕೆ ಅಲ್ಟ್ರಾ ಪ್ರೊಸೆಸ್ಡ್, ಅಂದರೆ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಅಂತ ಹೆಸರಿಟ್ಟರು. ಅಮೆರಿಕದಲ್ಲಿ ಈಗ ಸರ್ಕಾರಿ ಲೆಕ್ಕದ ಪ್ರಕಾರ ಜನರ ಕ್ಯಾಲೊರಿಯಲ್ಲಿ 55% ಇಂಥ ಆಹಾರದಿಂದ ಬರುತ್ತದೆ.

ಇದರಲ್ಲಿ ತೊಂದರೆ ಇರುವುದು ಸಕ್ಕರೆ, ಕೊಬ್ಬಿನದೋ ಅಥವಾ ತಯಾರಿಸುವ ಬಗೆಯದೋ? 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಮತ್ತವರ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಿತು. ಎರಡು ವಾರ ಅಲ್ಟ್ರಾ ಪ್ರೊಸೆಸ್ಡ್ ಊಟ, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಊಟ. ಬಡಿಸಿದ ತಟ್ಟೆಯಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಅಲ್ಟ್ರಾ ಪ್ರೊಸೆಸ್ಡ್ ಊಟ ಕೊಟ್ಟಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡು ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿತು. ಇನ್ನೊಂದರಲ್ಲಿ ಅಷ್ಟೇ ಇಳಿಯಿತು. ಬೇಗ ಬೇಗ ತಿನ್ನುತ್ತಿದ್ದರು ಅನ್ನುವುದೂ ಕಂಡಿತು. ಮೆತ್ತಗಿನ, ಅಗಿಯಬೇಕಿಲ್ಲದ ಊಟ. ಹೊಟ್ಟೆ ತುಂಬಿತು ಅಂತ ಮೈ ಹೇಳುವ ಮುಂಚೆಯೇ ತಟ್ಟೆ ಖಾಲಿ.

ಈ ವಿಂಗಡಣೆಯ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇದೆ, ಅದು ನ್ಯಾಯವಾದ ಜಗಳವೇ. ಪೊಟ್ಟಣದ ಗೋಧಿ ಬ್ರೆಡ್ಡನ್ನೂ ಕೋಲಾ ಬಾಟಲಿಯನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ ಅನ್ನುವವರ ಮಾತಿನಲ್ಲಿ ಹುರುಳಿದೆ. ನನಗೆ ಮಾತ್ರ ಮೊಂಟೇರೊ ಎತ್ತಿದ ಇನ್ನೊಂದು ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ. ಅಡುಗೆ ಮನೆಯಿಂದ ಆಚೆ ಹೋದಾಗ ಅದರ ಜೊತೆ ಏನೇನು ಹೋಗುತ್ತದೆ ಅಂತ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಲೆಕ್ಕದ ಪ್ರಕಾರ ಫ್ರಾನ್ಸಿನವರು ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ತಿನ್ನುತ್ತಾ ಕುಡಿಯುತ್ತಾ ಕಳೆಯುತ್ತಾರೆ, ಅಮೆರಿಕದವರು ಸುಮಾರು ಒಂದು ಗಂಟೆ. ಕ್ರೀಮು, ಬೆಣ್ಣೆ ತಿಂದೂ ಫ್ರೆಂಚರು ಅಮೆರಿಕದವರಷ್ಟು ದಪ್ಪಗಾಗದಿರಲು ಇದೊಂದೇ ಕಾರಣ ಅಂತ ಹೇಳಲಾಗದು. ಬಡಿಸುವ ಪ್ರಮಾಣವೂ ಪ್ಯಾರಿಸ್ಸಿನಲ್ಲಿ ಚಿಕ್ಕದು. ಆದರೆ ಎರಡು ಗಂಟೆ ಕೂತು ತಿನ್ನಲು ಆ ದೇಶದಲ್ಲಿ ಮಧ್ಯಾಹ್ನದ ಬಿಡುವು ಅಂತ ಒಂದಿದೆ, ಶಾಲೆಯಲ್ಲಿ ಊಟಕ್ಕೆ ಹೊತ್ತು ಕೊಡುತ್ತಾರೆ. ಎರಡು ಕಡೆ ಕೆಲಸ ಮಾಡಿ ರಾತ್ರಿ ಹತ್ತಕ್ಕೆ ಮನೆಗೆ ಬರುವ ತಾಯಿಗೆ 'ಅಡುಗೆ ಮಾಡಮ್ಮ' ಅಂತ ಬುದ್ಧಿ ಹೇಳುವುದು ಸುಲಭ. ಅವಳಿಗೆ ಹೊತ್ತು ಎಲ್ಲಿಂದ ಬರಬೇಕು? ಸಾವಿರಾರು ವರ್ಷ ಅಡುಗೆಯ ದುಡಿಮೆಯನ್ನು ಹೆಂಗಸರ ತಲೆಗೇ ಕಟ್ಟಿ, ಈಗ ಊಟ ಕೆಟ್ಟಿದ್ದೂ ಅವರಿಂದಲೇ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ತಿರುಗಿಸಿದವರು

ದೇಶಗಳು ದಿಕ್ಕು ಬದಲಿಸಿದ್ದೂ ಉಂಟು. ಫಿನ್ಲೆಂಡಿನ ಉತ್ತರ ಕರೇಲಿಯ 1960ರ ದಶಕದಲ್ಲಿ ಗಂಡಸರ ಹೃದಯಾಘಾತಕ್ಕೆ ಪ್ರಪಂಚದಲ್ಲೇ ಕುಖ್ಯಾತ. ಬೆಣ್ಣೆ, ಗಟ್ಟಿ ಹಾಲು, ಉಪ್ಪು, ಸಿಗರೇಟು. ಮೂವತ್ತು ನಲವತ್ತು ವರ್ಷದ ಗಂಡಸರು ಕುಸಿದು ಬೀಳುತ್ತಿದ್ದರು. 1972ರಲ್ಲಿ ಪೆಕ್ಕ ಪುಸ್ಕ ಎಂಬ 27 ವರ್ಷದ ವೈದ್ಯ ಯೋಜನೆಯ ಮುಂದಾಳಾದ. ಅವನ ತಂಡ ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಮಾರ್ಥಾ ಎಂಬ ಗೃಹಿಣಿಯರ ಸಂಘದ ಜೊತೆ ಸೇರಿ ಹಳ್ಳಿಗಳಲ್ಲಿ ಊಟದ ಕೂಟ ಮಾಡಿದರು. ಅಲ್ಲಿನವರಿಗೆ ಪ್ರಿಯವಾದ ಹಂದಿಮಾಂಸದ ಸಾರನ್ನೇ ಮಾಡಿದರು; ಮಾಂಸ ಕಮ್ಮಿ ಮಾಡಿ, ಕ್ಯಾರೆಟ್ಟು, ಗೆಡ್ಡೆ ಸೇರಿಸಿದರು. ಸಾಸೇಜ್ ಮಾಡುವವರ ಹತ್ತಿರ ಹೋಗಿ ಕೊಬ್ಬು, ಉಪ್ಪು ಇಳಿಸಲು ಒಪ್ಪಿಸಿದರು. ಹೈನುಗಾರರು ಮೊದಲಿಗೆ ಸಿಟ್ಟಾದರು, ಹೊಟ್ಟೆಪಾಡಲ್ವಾ. ಆಮೇಲೆ ಅವರಲ್ಲಿ ಕೆಲವರಿಗೆ ಬೆರ್ರಿ ಹಣ್ಣು ಬೆಳೆಯಲು ನೆರವು ಕೊಟ್ಟರು. ಚಳಿ ದೇಶದಲ್ಲಿ ಬೆಳೆಯುವ ಹಣ್ಣೇ ಅದು. ಸುಮಾರು 35 ವರ್ಷಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು 80%ಗಿಂತ ಜಾಸ್ತಿ ಇಳಿಯಿತು. ಸಿಗರೇಟು ಬಿಟ್ಟದ್ದೂ, ಔಷಧಿಯೂ ಅದರಲ್ಲಿ ಸೇರಿದೆ. ಆದರೆ ಬೆಣ್ಣೆ ಕಮ್ಮಿಯಾಗಿ ಕೊಲೆಸ್ಟ್ರಾಲ್ ಇಳಿದದ್ದರ ಪಾಲೇ ದೊಡ್ಡದು.

ಚಿಲಿ 2016ರಲ್ಲಿ ಬೇರೆ ದಾರಿ ಹಿಡಿಯಿತು. ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿ ಮೀರಿದ ಪೊಟ್ಟಣದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ. ಅಂಥ ಪೊಟ್ಟಣದ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಬೊಂಬೆ ಇರಬಾರದು, ಶಾಲೆಯಲ್ಲಿ ಮಾರಬಾರದು. ಒಂದೂವರೆ ವರ್ಷದಲ್ಲಿ ಸಿಹಿ ಪಾನೀಯಗಳ ಖರೀದಿ ಸುಮಾರು 24% ಇಳಿಯಿತು. ಮಕ್ಕಳೇ ಪೊಟ್ಟಣ ತಿರುಗಿಸಿ ನೋಡಿ 'ಇದಕ್ಕೆ ಮುದ್ರೆ ಇದೆ, ಬೇಡಮ್ಮ' ಅನ್ನುತ್ತಿದ್ದರು ಅಂತ ತಾಯಂದಿರು ಸಂಶೋಧಕರಿಗೆ ಹೇಳಿದ್ದಾರೆ.

ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯದ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಸರಾಸರಿ 6% ಇಳಿಯಿತು, ಬಡವರಲ್ಲಿ ಇನ್ನೂ ಜಾಸ್ತಿ. ಆದರೆ ಅಲ್ಲಿ ನಲ್ಲಿಯ ನೀರನ್ನು ಜನ ನಂಬುವುದಿಲ್ಲ. ಕುಡಿಯುವ ನೀರೇ ಕೈಗೆ ಸಿಗದ ಕಡೆ ತೆರಿಗೆ ಒಂದರಿಂದ ಎಷ್ಟು ಆದೀತು? ಅದಕ್ಕೇ ಹೋರಾಟಗಾರರು ತೆರಿಗೆಯ ದುಡ್ಡಿನಲ್ಲಿ ಶಾಲೆಗಳಿಗೆ ನೀರಿನ ವ್ಯವಸ್ಥೆ ಮಾಡಿ ಅಂತ ಹಠ ಹಿಡಿದದ್ದು. ಡೆನ್ಮಾರ್ಕಿನಲ್ಲಂತೂ ಪ್ರಯತ್ನ ಕೈಕೊಟ್ಟಿತು. 2011ರಲ್ಲಿ ಕೊಬ್ಬಿನ ಮೇಲೆ ತೆರಿಗೆ ಹಾಕಿದರು, ಜನ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಂಡರು, ಒಂದೇ ವರ್ಷಕ್ಕೆ ತೆಗೆದುಹಾಕಿದರು. ಎಣ್ಣೆಯನ್ನು ಗಟ್ಟಿ ಮಾಡುವಾಗ ಕಾರ್ಖಾನೆಯಲ್ಲಿ ಹುಟ್ಟುವ ಟ್ರಾನ್ಸ್ ಫ್ಯಾಟ್ ಎಂಬ ಕೊಬ್ಬಿಗೆ 2003ರಲ್ಲಿ ಕಾನೂನಿನ ಮಿತಿ ಹಾಕಿದ ಮೊದಲ ದೇಶವೂ ಡೆನ್ಮಾರ್ಕೇ. ಅದು ಗೆದ್ದಿತು. ಯಾಕೆಂದರೆ ಅಲ್ಲಿ ಬದಲಾಗಬೇಕಾದವರು ಕಾರ್ಖಾನೆಯವರು. ಗಿರಾಕಿ ಅಂಗಡಿಯಲ್ಲಿ ನಿಂತು ಏನೂ ಲೆಕ್ಕ ಹಾಕಬೇಕಿರಲಿಲ್ಲ.

ಇದೆಲ್ಲದರ ಅಡಿಯಲ್ಲಿ ದುಡ್ಡಿನ ಮಾತಿದೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2024ರಲ್ಲಿ 67 ಕೋಟಿಗಿಂತ ಜಾಸ್ತಿ ಜನ ಹಸಿದಿದ್ದರು. ಸುಮಾರು 260 ಕೋಟಿ ಜನರಿಗೆ ಆರೋಗ್ಯಕರ ಊಟ ಕೊಳ್ಳುವ ಶಕ್ತಿ ಇರಲಿಲ್ಲ. ಹೊಟ್ಟೆ ತುಂಬುವಷ್ಟು ಕ್ಯಾಲೊರಿ ಕೊಳ್ಳಬಲ್ಲ ಎಷ್ಟೋ ಕೋಟಿ ಜನಕ್ಕೆ ಹಣ್ಣು, ತರಕಾರಿ, ಹಾಲು ಸೇರಿದ ತಟ್ಟೆ ಎಟುಕುವುದಿಲ್ಲ. ಅವರಿಗೆ ಪೌಷ್ಟಿಕತೆಯ ಪಾಠ ಹೇಳಿ ಉಪಯೋಗ ಇಲ್ಲ.

ಅದಕ್ಕೇ ನನಗೆ ಶಾಲೆಯ ಊಟದ ಮೇಲೆ ಅಷ್ಟು ನಂಬಿಕೆ. ಮಗುವಿನ ಮನೆಯಲ್ಲಿ ದುಡ್ಡಿದೆಯೋ ಇಲ್ಲವೋ, ಅಮ್ಮನಿಗೆ ಹೊತ್ತಿದೆಯೋ ಇಲ್ಲವೋ, ಅಲ್ಲಿ ಒಂದು ಒಳ್ಳೆಯ ತಟ್ಟೆ ಸಿಗುತ್ತದೆ. ಫಿನ್ಲೆಂಡ್ 1948ರಿಂದ ಎಲ್ಲ ಮಕ್ಕಳಿಗೂ ಪುಕ್ಕಟೆ ಕೊಡುತ್ತಿದೆ. ಬ್ರೆಜಿಲ್ 2009ರಲ್ಲಿ ಕಾನೂನು ಮಾಡಿತು. ಶಾಲೆಯ ಊಟಕ್ಕೆ ಕೇಂದ್ರ ಕೊಡುವ ದುಡ್ಡಿನಲ್ಲಿ ಕನಿಷ್ಠ 30% ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಹೋಗಬೇಕು ಅಂತ. ಮಗುವಿನ ತಟ್ಟೆಗೂ ರೈತನ ಹೊಲಕ್ಕೂ ನೇರ ದಾರಿ ಬಿತ್ತು.

ಜಪಾನಿನಲ್ಲಿ ಶಾಲೆಯ ಊಟದ ಕಾನೂನು ಬಂದದ್ದು 1954ರಲ್ಲಿ. ಶುರುವಿನಲ್ಲಿ ಅಮೆರಿಕದ ಗೋಧಿಯ ಬ್ರೆಡ್ಡು, ಪುಡಿಹಾಲು ಕೊಡುತ್ತಿದ್ದರು. ಅನ್ನ ತಿನ್ನುವ ದೇಶದ ಮಕ್ಕಳು ಶಾಲೆಯಲ್ಲಿ ಬ್ರೆಡ್ಡಿಗೆ ಒಗ್ಗಿಕೊಂಡರು. 1976ರಲ್ಲಿ ಅನ್ನ ಶಾಲೆಗೆ ಅಧಿಕೃತವಾಗಿ ವಾಪಸ್ ಬಂತು. ಈಗ ಮಧ್ಯಾಹ್ನ ಗಂಟೆ ಹೊಡೆಯುವ ಮುಂಚೆ ಮುಖ್ಯೋಪಾಧ್ಯಾಯರು ಮಕ್ಕಳ ಊಟವನ್ನು ತಾವು ಮೊದಲು ತಿಂದು ನೋಡುತ್ತಾರೆ. ಆಮೇಲೆ ಸರದಿಯ ಮಕ್ಕಳು ಬಿಳಿ ಟೋಪಿ, ಬಿಳಿ ಅಂಗಿ ಹಾಕಿಕೊಂಡು ಪಾತ್ರೆಗಳನ್ನು ತರಗತಿಗೆ ತರುತ್ತಾರೆ. ಅನ್ನ, ಸಾರು, ಮೀನು, ತರಕಾರಿ, ಹಾಲು. ಆರೇಳು ವರ್ಷದ ಹುಡುಗಿ ಎರಡೂ ಕೈಯಲ್ಲಿ ಸೌಟು ಹಿಡಿದು ಗೆಳೆಯರಿಗೆ ಬಡಿಸುತ್ತಾಳೆ. ಮೇಷ್ಟ್ರೂ ಅದೇ ಕೋಣೆಯಲ್ಲಿ, ಅದೇ ಊಟಕ್ಕೆ ಕೂರುತ್ತಾರೆ.